ಖಾಲಿ ಕೊಳವೆಯಲ್ಲಿ ಸೀಸ

ಬೀಥಿಕಾ ಸಮಾದ್ದಾರಳ ಕೈಯ ಬಗ್ಗೆ ಆ ಪ್ರಯೋಗಾಲಯದಲ್ಲಿ ಎರಡು ಮಾತಿರಲಿಲ್ಲ. ಹತ್ತೊಂಬತ್ತು ವರ್ಷಗಳಿಂದ ಅಕ್ಕಿ, ಅರಿಸಿನ, ಹಾಲಿನ ಪುಡಿ, ಇಲಿಶ್ ಮೀನು, ಖರ್ಜೂರದ ಬೆಲ್ಲ, ಹೀಗೆ ಕಲ್ಕತ್ತೆಯವರ ಬಾಯಿಗೆ ಹೋಗುವುದೆಲ್ಲ ಅವಳ ಕೈಗೆ ಬಂದು, ಆಮ್ಲದಲ್ಲಿ ಬೆಂದು, ತಿಳಿನೀರಾಗಿ ಹೊರಬಿದ್ದಿತ್ತು. ಒಂದು ಮಾದರಿಯನ್ನು ಅವಳು ಇವತ್ತು ಅಳೆದರೂ ಅಷ್ಟೇ, ಬರುವ ವಾರ ಅಳೆದರೂ ಅಷ್ಟೇ. ಹೊಸದಾಗಿ ಸೇರಿದವರನ್ನು ಮುಖ್ಯಸ್ಥ ಪ್ರಸೂನ್ ಕರ್ಮಕಾರ್ ಮೊದಲು ಕರೆತರುತ್ತಿದ್ದುದು ಇವಳ ಹತ್ತಿರ. "ಬೀಥಿಕಾ ಪಿಪೆಟ್ ಹೇಗೆ ಹಿಡೀತಾರೆ ನೋಡ್ಕೊಳ್ಳಿ. ಯಂತ್ರ ಆಮೇಲೆ ನೋಡುವಿರಂತೆ" ಎನ್ನುತ್ತಿದ್ದರು.

ಯಂತ್ರವಿದ್ದುದು ಸಾಲ್ಟ್ ಲೇಕಿನ ಆ ಕಟ್ಟಡದ ಮೂರನೆಯ ಮಹಡಿಯಲ್ಲಿ, ಎರಡು ಬಾಗಿಲು ದಾಟಿ ಹೋಗುವ ಕೋಣೆಯಲ್ಲಿ. ಪೆನ್ಸಿಲಿನ ಕಡ್ಡಿಯಂಥದೇ ಗ್ರಾಫೈಟಿನ ಪುಟ್ಟ ಕೊಳವೆಯೊಳಕ್ಕೆ ಒಂದೇ ಒಂದು ಹನಿ ಬಿಡಬೇಕು. ಕೊಳವೆ ಕಾದು ಬೆಳ್ಳಗೆ ಉರಿಯುತ್ತದೆ, ಹನಿ ಆವಿಯಾಗುತ್ತದೆ, ಆ ಆವಿಯ ನಡುವೆ ದೀಪದ ಬೆಳಕೊಂದು ಹಾದುಹೋಗುತ್ತದೆ. ಹನಿಯಲ್ಲಿ ಸೀಸವಿದ್ದರೆ ಬೆಳಕಿನಲ್ಲಿ ತನ್ನ ಪಾಲನ್ನು ನುಂಗಿಕೊಳ್ಳುತ್ತದೆ. ಎಷ್ಟು ನುಂಗಿತೆಂದು ನೋಡಿದರೆ ಸೀಸ ಎಷ್ಟಿದೆಯೆಂದು ತಿಳಿಯುತ್ತದೆ. ನೂರು ಮೂಟೆ ಅಕ್ಕಿಗೆ ಒಂದು ಚಿಟಿಕೆ ಬೆರೆತಿದ್ದರೂ ಯಂತ್ರ ಹೇಳಿಬಿಡುತ್ತದೆ. ಅದಕ್ಕೇ ಆ ಕೋಣೆಗೆ ಯಾರನ್ನೂ ಸುಮ್ಮಸುಮ್ಮನೆ ಬಿಡುತ್ತಿರಲಿಲ್ಲ. ದಿನವಿಡೀ ಅವಳೊಬ್ಬಳೇ. ಗಾಳಿ ಸೋಸುವ ಯಂತ್ರದ ಒಂದೇ ಸಮನಾದ ಸದ್ದು, ಹತ್ತು ಗಂಟೆಗೊಂದು ಲೋಟ ಚಹಾ, ಅದೂ ಬಾಗಿಲಾಚೆ ನಿಂತು.

ಮನೆಯಲ್ಲೂ ಒಬ್ಬಳೇ. ನೈಹಾಟಿಯಲ್ಲಿ, ರೈಲು ನಿಲ್ದಾಣದಿಂದ ಹತ್ತು ನಿಮಿಷ ನಡೆದರೆ ಸಿಗುವ ಬಾಡಿಗೆ ಮನೆ. ಅವಳ ಗಂಡ ನಿರ್ಮಾಲ್ಯ ಔಷಧ ಕಂಪನಿಯೊಂದರ ಪರವಾಗಿ ಊರೂರು ಸುತ್ತುತ್ತಿದ್ದವನು. ಹನ್ನೊಂದು ವರ್ಷದ ಹಿಂದೆ ಜಲ್ಪಾಯಿಗುಡಿಯಿಂದ ಫೋನು ಮಾಡಿ, "ಇಲ್ಲಿ ಥಂಡಿ ಬಹಳ, ಗುರುವಾರ ಬರ್ತೀನಿ, ಪಾಬ್ದಾ ಮೀನು ತಂದಿಟ್ಟಿರು" ಎಂದಿದ್ದ. ಬರಲಿಲ್ಲ. ವಸತಿಗೃಹದವರು, ಬೆಳಿಗ್ಗೆ ಹಣ ಕೊಟ್ಟು ಚೀಲ ಹಿಡಿದು ಹೋದರು ಎಂದರು. ಅಷ್ಟೇ. ಪೊಲೀಸರು ಬರೆದುಕೊಂಡರು, ಅವಳ ತಮ್ಮ ಮೂರು ಸಲ ಹೋಗಿ ಹುಡುಕಿ ಬಂದ, ಪತ್ರಿಕೆಯಲ್ಲಿ ಫೋಟೋ ಹಾಕಿಸಿದರು. ಸತ್ತನೆಂಬ ಸುದ್ದಿಯಿಲ್ಲ, ಇದ್ದಾನೆಂಬ ಸುದ್ದಿಯೂ ಇಲ್ಲ. ಏಳು ವರ್ಷ ತುಂಬಿದಾಗ ತಮ್ಮ, "ಕೋರ್ಟಿಗೆ ಹೋಗಿ ಒಂದು ಕಾಗದ ಮಾಡಿಸ್ಕೋ ದಿದಿ, ಸತ್ತ ಹಾಗೆ ಲೆಕ್ಕ ಆಗುತ್ತೆ" ಎಂದ. ಅವಳು ಹೋಗಲಿಲ್ಲ. ದಿನಾ ಬೆಳಿಗ್ಗೆ ಸ್ನಾನವಾದ ಮೇಲೆ ಬೈತಲೆಯಲ್ಲಿ ಸಿಂಧೂರ ಎಳೆದುಕೊಂಡು ರೈಲು ಹತ್ತುವುದು ನಿಲ್ಲಲಿಲ್ಲ. ಮೊದಮೊದಲು ಅದು ನಂಬಿಕೆಯಾಗಿತ್ತು. ಬರಬರುತ್ತಾ ಅದೊಂದು ಬಾಗಿಲಿನ ಚಿಲಕದಂತಾಯಿತು. ಅದಿದ್ದರೆ ಯಾರೂ ಏನೂ ಕೇಳುವುದಿಲ್ಲ.

ಕಾರ್ತಿಕ ಕಳೆದು ಚಳಿ ಇಳಿಯುವ ಹೊತ್ತಿಗೆ ಬನಗಾಂವಿನಿಂದ ಒಂದು ಮಾದರಿ ಬಂದಿತು. ಅಕ್ಕಿ, ಹೆಸರುಬೇಳೆ, ಕಡಲೆಕಾಯಿ ಹುರಿದು ಬೀಸಿದ ಪುಡಿ. ಹದಿನಾಲ್ಕು ಹೆಂಗಸರ ಸಂಘವೊಂದು ಅದನ್ನು ಅಂಗನವಾಡಿ ಮಕ್ಕಳಿಗಾಗಿ ಮಾಡುತ್ತಿತ್ತು. ಬೀಥಿಕಾ ಅದನ್ನು ಪಿಂಗಾಣಿಯ ಕುಟ್ಟಾಣಿಯಲ್ಲಿ ಇನ್ನಷ್ಟು ನುಣ್ಣಗೆ ಅರೆದಳು, ಎರಡು ಪಾಲು ತೂಗಿದಳು, ಆಮ್ಲದಲ್ಲಿ ಕರಗಿಸಿದಳು. ಎರಡೂ ಪಾಲು ಒಂದೇ ಮಾತು ಹೇಳಿದವು: ಮಕ್ಕಳ ಆಹಾರದಲ್ಲಿ ಇರಬಹುದಾದ ಸೀಸಕ್ಕಿಂತ ಎರಡೂವರೆ ಪಟ್ಟು ಹೆಚ್ಚು. ಅವಳು ಸಹಿ ಹಾಕಿದಳು. ವರದಿ ಜಿಲ್ಲೆಗೆ ಹೋಯಿತು, ಸಂಘದ ಕೆಲಸ ನಿಂತಿತು.

ಪೌಷ ಮಾಸದ ಒಂದು ಬೆಳಿಗ್ಗೆ ಆ ಸಂಘದ ಹೆಂಗಸೊಬ್ಬಳು ಬಂದು ಪ್ರಯೋಗಾಲಯದ ಮೆಟ್ಟಿಲ ಮೇಲೆ ಕುಳಿತಳು. ಹೆಸರು ಅಲಕಾ ಬಿಶ್ವಾಸ್. ಐವತ್ತೈದರ ಆಸುಪಾಸು, ಬಿಳಿಯ ಮೇಲೆ ಸಣ್ಣ ಅಂಚಿನ ಸೀರೆ, ಬರಿಯ ಬೈತಲೆ. ವರದಿಗೆ ಸಹಿ ಹಾಕಿದವರನ್ನು ನೋಡದೆ ಏಳುವುದಿಲ್ಲವೆಂದು ಹಟ ಹಿಡಿದಳು. ಬೀಥಿಕಾ ಕೆಳಗಿಳಿದು ಬಂದಳು.

"ನೀವೇನಾ ದಿದಿಮಣಿ, ನಮ್ಮ ಪುಡೀಲಿ ಸೀಸ ಕಂಡವರು?"

"ನನ್ನ ಕಣ್ಣಿಗೆ ಕಾಣೋದಲ್ಲ ಅದು. ಯಂತ್ರ ಹೇಳುತ್ತೆ."

"ಯಂತ್ರಕ್ಕೆ ಬಾಯೆಲ್ಲಿದೆ? ಕಾಗದದ ಮೇಲೆ ನಿಮ್ಮ ಸಹಿ ಇದೆ." ಅಲಕಾ ಸೆರಗಿನ ಗಂಟಿನಿಂದ ಮಡಚಿ ಮಡಚಿ ಸವೆದ ವರದಿಯ ಪ್ರತಿ ತೆಗೆದಳು. "ನನ್ನ ಮೊಮ್ಮಗಳು ಇದೇ ಪುಡಿ ತಿಂದು ಬೆಳೀತಿದಾಳೆ. ವಿಷ ಅನ್ನೋದಾದ್ರೆ ಅವಳ ಬಾಯಿಗೆ ಇಡ್ತಿದ್ನಾ?"

"ಸೀಸಕ್ಕೆ ರುಚಿ ಇಲ್ಲ, ವಾಸನೆ ಇಲ್ಲ. ನೀವು ಬೇಕಂತ ಹಾಕಿದೀರಿ ಅಂತ ಯಾರೂ ಹೇಳ್ತಿಲ್ಲ. ಬೀಸೋ ಗಿರಣಿಯಿಂದ ಬಂದಿರಬಹುದು, ಡಬ್ಬದ ಬಣ್ಣದಿಂದ ಬಂದಿರಬಹುದು."

"ಗಿರಣಿ ಬದಲಾಯಿಸಿದ್ವಿ. ಡಬ್ಬ ಬದಲಾಯಿಸಿದ್ವಿ. ಇನ್ನು ಬದಲಾಯಿಸೋಕೆ ನಾವು ಹದಿನಾಲ್ಕು ಜನ ಮಾತ್ರ ಉಳಿದಿದೀವಿ." ಅಲಕಾ ಎದ್ದು ನಿಂತಳು. "ಊರಲ್ಲಿ ಏನಂತಾರೆ ಗೊತ್ತಾ? ಮಕ್ಕಳಿಗೆ ವಿಷ ಹಾಕೋ ಹೆಂಗಸರು ಅಂತಾರೆ. ನೀರು ಹಿಡಿಯೋಕೆ ಹೋದ್ರೆ ಪಕ್ಕಕ್ಕೆ ಸರೀತಾರೆ. ನಿಮಗೆ ನಿಮ್ಮ ಮನೆ, ಸಂಸಾರ, ಯಜಮಾನ್ರು ಎಲ್ಲ ಇದಾರೆ ದಿದಿಮಣಿ. ನಮಗೆ ಆ ಪುಡಿ ಒಂದೇ ಇದ್ದದ್ದು."

ಬೀಥಿಕಾ ಮೇಲೆ ಹೋದಳು. ತನ್ನ ಲೆಕ್ಕ ತಪ್ಪಿರಬಹುದೆಂದು ಅವಳಿಗೆ ಆಗಲೂ ಅನ್ನಿಸಲಿಲ್ಲ.

ಪ್ರಸೂನ್ ಕರ್ಮಕಾರರಿಗೆ ಮಾತ್ರ ಒಳಗೇ ಕೊರೆಯತೊಡಗಿತು. ಪ್ರತಿ ಮಾದರಿಯಲ್ಲೂ ಒಂದು ಪಾಲನ್ನು ತೆರೆಯದೆ ಮುದ್ರೆಯೊತ್ತಿ ಇಟ್ಟಿರುತ್ತಾರೆ. ಆ ಪಾಲನ್ನು ಅವರು ಬೀಥಿಕಾಳಿಗೆ ತಿಳಿಸದೆ ರೇಹೆನಾ ಖಾತೂನಳ ಕೈಗೆ ಕೊಟ್ಟರು. ರೇಹೆನಾ ಬಸೀರ್‌ಹಾಟಿನವಳು, ಬೀಥಿಕಾಳ ಕೈಕೆಳಗೇ ನಾಲ್ಕು ವರ್ಷ ಪಳಗಿದವಳು. ಅವಳು ಒಮ್ಮೆ ಅಳೆದಳು, ನಂಬದೆ ಮತ್ತೊಮ್ಮೆ ಅಳೆದಳು. ಪುಡಿಯಲ್ಲಿ ಸೀಸ ಇದ್ದೂ ಇಲ್ಲದಷ್ಟು. ಮಿತಿಯ ಹತ್ತಿರಕ್ಕೂ ಬರಲಿಲ್ಲ.

ವಿಷಯ ಗೊತ್ತಾದಾಗ ಬೀಥಿಕಾಳಿಗೆ ಮೊದಲು ಬಂದದ್ದು ಸಿಟ್ಟು. "ನನಗೆ ಒಂದು ಮಾತು ಹೇಳಬಹುದಿತ್ತು, ಪ್ರಸೂನ್‌ದಾ."

"ಹೇಳಿದ್ರೆ ನೀವೇ ಅಳೀತಿದ್ರಿ. ಎರಡನೇ ಕೈ ಬೇಕಾಗಿತ್ತು ನನಗೆ."

"ನನ್ನ ಕೈ ಸಾಲದಾಯ್ತು."

"ಹಾಗಂದ್ನಾ? ಎರಡರಲ್ಲಿ ಒಂದು ತಪ್ಪು. ಯಾವುದು ಅಂತ ಹುಡುಕಿ. ರೇಹೆನಾದೇ ತಪ್ಪಿದ್ರೆ ನನಗೂ ಖುಷಿಯೇ."

ಅವಳು ಹುಡುಕಲು ಕುಳಿತಳು. ಈ ಕೆಲಸದಲ್ಲಿ, ಮಾದರಿ ಕರಗಿಸುವ ಕೊಳವೆಗಳ ಸಾಲಿನಲ್ಲಿ, ಖಾಲಿ ಕೊಳವೆಯೆಂದೊಂದಿರುತ್ತದೆ. ಅದರಲ್ಲಿ ಆಹಾರವಿಲ್ಲ, ಬರೀ ಆಮ್ಲ ಮತ್ತು ನೀರು. ಉಳಿದಂತೆ ಮಾದರಿಗೆ ಮಾಡುವುದನ್ನೆಲ್ಲ ಅದಕ್ಕೂ ಮಾಡುತ್ತಾರೆ. ಅದರಲ್ಲಿ ಏನೂ ಕಾಣಬಾರದು. ಅವಳು ಹತ್ತು ಖಾಲಿ ಕೊಳವೆ ತಯಾರಿಸಿದಳು. ಏಳು ಸರಿಯಿದ್ದವು. ಮೂರರಲ್ಲಿ ಸೀಸವಿತ್ತು. ಆಮ್ಲ ಕೆಟ್ಟಿದ್ದರೆ ಹತ್ತರಲ್ಲೂ ಇರಬೇಕಿತ್ತು. ಇದು ಧೂಳು ಬಿದ್ದ ಹಾಗೆ, ಅಲ್ಲೊಂದು ಇಲ್ಲೊಂದು. ರೇಹೆನಾಳಿಗೂ ಹತ್ತು ಮಾಡಲು ಹೇಳಿದಳು. ಹತ್ತೂ ಸ್ವಚ್ಛ.

ಒಂದು ವಾರ ಅವಳು ಆ ಕೋಣೆಯನ್ನು ಇಂಚಿಂಚು ಜಾಲಾಡಿದಳು. ಆಮ್ಲದ ಸೀಸೆ ಬದಲಾಯಿಸಿದಳು, ಕೈಗವಸಿನ ಪೊಟ್ಟಣ ಬದಲಾಯಿಸಿದಳು, ಗಾಳಿ ಸೋಸುವ ಜಾಲರಿ ಬಿಚ್ಚಿಸಿದಳು. ಒದ್ದೆ ಕಾಗದದಿಂದ ಮೇಜು, ತಕ್ಕಡಿ, ಬಾಗಿಲ ಹಿಡಿಯನ್ನು ಒರೆಸಿ ಆ ಕಾಗದಗಳನ್ನೇ ಕರಗಿಸಿ ಅಳೆದಳು. ಬಾಗಿಲ ಹಿಡಿಯಲ್ಲಿ ಸ್ವಲ್ಪ. ತಕ್ಕಡಿಯ ಮುಂದೆ ಹೆಚ್ಚು. ಅವಳು ಕೂರುವ ಕುರ್ಚಿಯ ಬೆನ್ನಿನಲ್ಲಿ ಎಲ್ಲಕ್ಕಿಂತ ಹೆಚ್ಚು. ಹಾಳೆಯ ಮೇಲೆ ಸಂಖ್ಯೆಗಳನ್ನು ಒಂದರ ಕೆಳಗೊಂದು ಬರೆದು ನೋಡುತ್ತಾ ಕುಳಿತಾಗ, ಅವು ಹೆಜ್ಜೆ ಗುರುತುಗಳ ಹಾಗೆ ತನ್ನ ಕಡೆಗೇ ಬರುತ್ತಿರುವುದು ಅವಳಿಗೆ ಕಂಡಿತು. ಕೊನೆಗೆ ಅವಳು ತಲೆಗೆ ಹಾಕುವ ಟೊಪ್ಪಿಗೆಯನ್ನು ತೆಗೆದು ಒಳಮಗ್ಗುಲನ್ನು ದೀಪಕ್ಕೆ ಹಿಡಿದಳು. ನಡುವೆ ಒಂದು ಕೆಂಪು ಗೆರೆಯಿತ್ತು.

ಅದು ಶನಿವಾರದ ಮಧ್ಯಾಹ್ನ. ಉಳಿದವರು ಎರಡು ಗಂಟೆಗೇ ಹೋಗಿದ್ದರು. ಬೀಥಿಕಾ ಚೀಲದಿಂದ ಸಿಂಧೂರದ ಪುಟ್ಟ ಡಬ್ಬಿ ತೆಗೆದಳು. ಹಲವಾರು ವರ್ಷ ಅವಳು ಒಂದೇ ಅಂಗಡಿಯಲ್ಲಿ ಕೊಳ್ಳುತ್ತಿದ್ದಳು. ಕಳೆದ ವರ್ಷ ಅಂಗಡಿಯ ಮುದುಕ ತೀರಿಕೊಂಡ, ಅಂಗಡಿ ಮುಚ್ಚಿತು. ಈ ಸಲದ ದುರ್ಗಾಪೂಜೆಯ ಹೊತ್ತಿಗೆ ಗಂಗೆಯ ಘಾಟಿನ ಬಳಿ ಗುಡ್ಡೆ ಹಾಕಿಕೊಂಡು ಮಾರುವವನೊಬ್ಬನಿಂದ ಕಾಗದದ ಪೊಟ್ಟಣದಲ್ಲಿ ಕಟ್ಟಿಸಿಕೊಂಡಿದ್ದಳು. ಬಣ್ಣ ಚೆನ್ನಾಗಿದೆ, ಕೈಗೆ ಭಾರವಾಗಿದೆ ಎಂದು ಆಗ ಅನ್ನಿಸಿದ್ದು ಈಗ ನೆನಪಾಯಿತು.

ಚಿಟಿಕೆಯಲ್ಲಿ ನೂರರಲ್ಲೊಂದು ಪಾಲು ತೂಗಿ ಕರಗಿಸಿದಳು. ಯಂತ್ರ ಕೊಳವೆಯನ್ನು ಉರಿಸಿತು. ಪರದೆಯ ಮೇಲಿನ ಗೆರೆ ನೆಟ್ಟಗೆ ಮೇಲೇರಿ ಅಂಚು ಮುಟ್ಟಿ ನಿಂತುಬಿಟ್ಟಿತು. ಅಳತೆಗೆ ಸಿಗುವುದಿಲ್ಲವೆಂದು ಯಂತ್ರ ಕೈಚೆಲ್ಲಿತು. ಅವಳು ನೂರು ಪಟ್ಟು ನೀರು ಬೆರೆಸಿದಳು, ಸಾಲಲಿಲ್ಲ. ಹತ್ತು ಸಾವಿರ ಪಟ್ಟು ಬೆರೆಸಿದ ಮೇಲೆ ಸಂಖ್ಯೆ ಬಂದಿತು. ಆ ಪುಡಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬರೀ ಸೀಸ.

ಅವಳು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದಳು. ಕೈ ತಾನಾಗಿ ಬೈತಲೆಯ ಕಡೆಗೆ ಹೋಯಿತು. ಅರ್ಧ ದಾರಿಯಲ್ಲಿ ತನ್ನ ಕೈಯನ್ನು ತಾನೇ ನೋಡಿ ತಡೆದಳು. ಯೋಚಿಸುವಾಗ ಹಾಗೆ ಮುಟ್ಟಿಕೊಳ್ಳುವ ಅಭ್ಯಾಸ ತನಗಿದೆಯೆಂದು ಅವಳಿಗೆ ಗೊತ್ತಾದದ್ದು ಆಗಲೇ. ಕುಟ್ಟಾಣಿಯ ಮೇಲೆ ಬಗ್ಗಿ ಪುಡಿ ಅರೆಯುವಾಗ ಎಷ್ಟು ಸಲ ಟೊಪ್ಪಿಗೆ ಸರಿಮಾಡಿಕೊಂಡಿದ್ದಳೋ. ಅರೆದ ಪುಡಿಗೇ ಬಿದ್ದಿದ್ದರಿಂದ ಎರಡು ಪಾಲೂ ಒಂದೇ ಮಾತು ಹೇಳಿದ್ದವು.

ಯಾರೂ ನೋಡಿರಲಿಲ್ಲ. ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು, ಸೋಮವಾರ ಬೇರೆ ಸಿಂಧೂರ ಇಟ್ಟುಕೊಂಡು ಬಂದು, ಗಾಳಿಯ ಜಾಲರಿಯಲ್ಲಿ ಕೊಳೆಯಿತ್ತು ಎಂದುಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಆ ಯೋಚನೆ ಬಂದದ್ದು ನಿಜ. ಒಂದು ಗಳಿಗೆ ಅದರ ಜೊತೆ ಕುಳಿತಿದ್ದಳು ಕೂಡ. ಆಮೇಲೆ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆದು, ಮುಂದೆ "ಸಿಂಧೂರ, ಬೀ. ಸಮಾದ್ದಾರ್" ಎಂದು ಗುರುತು ಹಾಕಿದಳು.

ಸೋಮವಾರ ಅದನ್ನು ಮೊದಲು ಓದಿದವಳು ರೇಹೆನಾ. ಓದಿ ಕಣ್ಣೆತ್ತಲಿಲ್ಲ.

"ನಿನಗೆ ಮೊದಲೇ ಗೊತ್ತಿತ್ತಾ?" ಎಂದು ಬೀಥಿಕಾ ಕೇಳಿದಳು.

"ಗೊತ್ತಿರಲಿಲ್ಲ ದಿದಿ. ಅನುಮಾನ ಇತ್ತು. ನಿಮ್ಮ ಕೋಟಿನ ಹೆಗಲ ಮೇಲೆ ಕೆಂಪು ಪುಡಿ ಕಂಡಿದ್ದೆ ಒಂದ್ಸಲ."

"ಹೇಳಬಾರದಿತ್ತೇನೇ?"

ರೇಹೆನಾ ಕೈಗವಸನ್ನು ಬೆರಳಿಂದ ಬೆರಳಿಗೆ ಎಳೆಯುತ್ತಾ ನಿಂತಳು. "ಯಾವ ಬಾಯಲ್ಲಿ ಹೇಳ್ಲಿ? ಸಿಂಧೂರ ತೆಗೀರಿ ಅಂತ ನಾನು, ರೇಹೆನಾ ಖಾತೂನ್, ನಿಮಗೆ ಹೇಳೋದಾ? ನೀವು ತಪ್ಪು ತಿಳ್ಕೋತಿರಲಿಲ್ಲ. ಆದ್ರೆ ಊಟದ ಕೋಣೇಲಿ ಅದು ಬೇರೆ ಕಥೆ ಆಗ್ತಿತ್ತು. ಅದೂ ಅಲ್ದೆ..."

"ಅದೂ ಅಲ್ದೆ?"

"ನಿಮ್ಮ ಹತ್ತಿರ ಇರೋದು ಅದೊಂದೇ ಅಲ್ವಾ ದಿದಿ. ಅಂಥದ್ದನ್ನ ಹೇಗೆ ಕೇಳೋದು."

ಪ್ರಸೂನ್ ಕರ್ಮಕಾರ್ ಬಾಗಿಲು ಮುಚ್ಚಿ ಕೂರಿಸಿ ಮಾತಾಡಿದರು. ತಿದ್ದುಪಡಿಯ ವರದಿಯಲ್ಲಿ "ಪರಿಸರದಿಂದ ಬೆರಕೆ" ಎಂದು ಬರೆದರೆ ಸಾಕು, ಸುಳ್ಳೂ ಅಲ್ಲ, ನಿಮ್ಮ ಹೆಸರೂ ಬೀದಿಗೆ ಬರುವುದಿಲ್ಲ ಎಂದರು.

"ಎಲ್ಲಿಂದ ಬಂತು ಅಂತ ಬರೀದಿದ್ರೆ ನಾಳೆ ಇನ್ನೊಬ್ಬಳು ಇಟ್ಕೊಂಡು ಬರ್ತಾಳೆ."

"ಜನ ಆಡ್ಕೋತಾರೆ ಬೀಥಿಕಾ."

"ಬನಗಾಂವಿನವರನ್ನ ಎರಡು ತಿಂಗಳಿಂದ ಆಡ್ಕೋತಿದಾರೆ, ಪ್ರಸೂನ್‌ದಾ."

ಅವರು ಕನ್ನಡಕ ತೆಗೆದು ಒರೆಸಿದರು. "ಸರಿ. ಬರೀರಿ. ಪೂಜೆಯಾದ ಮೇಲೆ ನೀವು ಅಳೆದ ಸೀಸದ ಮಾದರಿ ಎಲ್ಲ ಮತ್ತೆ ಅಳೀಬೇಕು. ಎಷ್ಟಿವೆ?"

"ಅರವತ್ತೆರಡು. ಪಟ್ಟಿ ಮಾಡಿದೀನಿ."

ಮರುಅಳತೆಯೆಲ್ಲ ರೇಹೆನಾಳ ಕೈಯಲ್ಲಾಯಿತು; ಬೈತಲೆ ಒರೆಸಿಕೊಳ್ಳಲು ಇನ್ನೂ ಮನಸ್ಸಾಗದ ಬೀಥಿಕಾ ಆ ಕೋಣೆಯ ಹೊರಗೇ ಉಳಿದಳು. ಅರವತ್ತೆರಡರಲ್ಲಿ ಇನ್ನೊಂದೇ ಒಂದು ತಪ್ಪಿತ್ತು, ಒಂದು ಅರಿಸಿನದ ಪುಡಿ. ಅದರ ವರದಿ ಇನ್ನೂ ಹೊರಗೆ ಹೋಗಿರಲಿಲ್ಲ. ಬಾಗಿಲ ಮೇಲೆ ಹೊಸ ಕಾಗದ ಅಂಟಿಸಿದರು: ಈ ಕೋಣೆಯೊಳಕ್ಕೆ ಸಿಂಧೂರ, ಕಾಡಿಗೆ, ಮುಖದ ಪುಡಿ ಹಾಕಿಕೊಂಡು ಬರಬಾರದು. ಊಟದ ಕೋಣೆಯಲ್ಲಿ ಮಾತು ಎದ್ದೇ ಎದ್ದಿತು. ಕೆಳಮಹಡಿಯ ಒಬ್ಬಳು, ಕೇಳಲಿ ಎಂದೇ ತುಸು ಎತ್ತರಿಸಿ, "ಅವರಿಗೇನು, ಒರೆಸ್ಕೊಂಡ್ರೆ ಹೋಗೋದೇನಿದೆ. ನಾವು ಗಂಡ ಇರೋರು" ಎಂದಳು. ಬೀಥಿಕಾ ಡಬ್ಬದ ಅನ್ನಕ್ಕೆ ದಾಲ್ ಕಲಸಿಕೊಳ್ಳುತ್ತಿದ್ದವಳು ಹಾಗೇ ಕಲಸುತ್ತಾ ಇದ್ದಳು. ಎದುರು ಕೂತಿದ್ದ ರೇಹೆನಾ ತನ್ನ ಡಬ್ಬದಿಂದ ಒಂದು ಮೊಟ್ಟೆ ತೆಗೆದು ಅವಳ ತಟ್ಟೆಗೆ ಹಾಕಿದಳು.

ರೇಹೆನಾಳೇ ಎಲ್ಲಿಂದಲೋ ಇನ್ನೊಂದು ಡಬ್ಬಿ ತಂದುಕೊಟ್ಟಳು. ಅರಿಸಿನ, ಸುಣ್ಣ ಸೇರಿಸಿ ಮಾಡಿದ ಸಿಂಧೂರ. "ನಾನೇ ಅಳೆದು ನೋಡಿದೀನಿ ದಿದಿ, ಸೀಸ ಇಲ್ಲ. ಸಂಜೆ ಹೋಗುವಾಗ ಇಟ್ಕೊಂಡು ಹೋಗಿ, ಬೆಳಿಗ್ಗೆ ಬಂದು ತೊಳ್ಕೊಳ್ಳಿ."

ಸಂಜೆ ಬಟ್ಟೆ ಬದಲಿಸುವ ಕೋಣೆಯ ಕನ್ನಡಿಯೆದುರು ಬೀಥಿಕಾ ಒದ್ದೆ ಹತ್ತಿಯಿಂದ ಬೈತಲೆಯನ್ನು ಒರೆಸಿಕೊಂಡಳು. ಮೂರು ಸಲ ಒರೆಸಿದರೂ ಹತ್ತಿ ಕೆಂಪಾಗಿಯೇ ಬಂದಿತು. ಐದನೆಯ ಸಲಕ್ಕೆ ಬಿಳುಪಾಯಿತು. ಕೂದಲಿನ ನಡುವೆ ಬಿಸಿಲು ಕಾಣದ ಚರ್ಮದ ಒಂದು ಗೆರೆ, ಹಳೆಯ ಗಾಯದ ಕಲೆಯ ಹಾಗೆ ಕಾಣುತ್ತಿತ್ತು. ಹೊಸ ಡಬ್ಬಿಯ ಮುಚ್ಚಳ ತೆಗೆದಳು. ಬೆರಳು ಅದ್ದಿದಳು. ಕೈ ಮೇಲೆ ಹೋಗಲಿಲ್ಲ. ಹಳೆಯದನ್ನು ಇಟ್ಟುಕೊಳ್ಳಲು ಯೋಚನೆ ಬೇಕಿರಲಿಲ್ಲ, ನಿನ್ನೆ ಇಟ್ಟಿದ್ದಳು, ಇವತ್ತೂ ಇಟ್ಟಳು. ಇದನ್ನು ಇಟ್ಟುಕೊಳ್ಳಬೇಕಾದರೆ ಈಗ, ಈ ಗಳಿಗೆಯಲ್ಲಿ, ನಿರ್ಮಾಲ್ಯ ಬದುಕಿದ್ದಾನೆ ಎಂದು ಅವಳು ತನಗೆ ತಾನೇ ಹೇಳಿಕೊಳ್ಳಬೇಕಿತ್ತು. ಆ ಮಾತು ಬರಲಿಲ್ಲ. ಬೆರಳನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದುಕೊಂಡಳು.

ಬಿಧಾನ್‌ನಗರ ನಿಲ್ದಾಣದಲ್ಲಿ ಎಂದಿನ ಲೋಕಲ್ ರೈಲು ಹತ್ತಿದಳು. ಹೆಂಗಸರ ಬೋಗಿಯಲ್ಲಿ ದಿನಾ ಒಟ್ಟಿಗೆ ಹೋಗುವ ಏಳೆಂಟು ಮಂದಿಯ ಗುಂಪೊಂದಿತ್ತು. ಅವರ ನಾಯಕಿ ಮಿನತಿ, ನರ್ಸಿಂಗ್ ಹೋಮೊಂದರಲ್ಲಿ ರೋಗಿಗಳನ್ನು ನೋಡಿಕೊಳ್ಳುವ ದೊಡ್ಡ ಗಂಟಲಿನ ಹೆಂಗಸು. ಬೀಥಿಕಾ ಅವರ ನಡುವೆ ನಿಲ್ಲುತ್ತಿದ್ದಳೇ ಹೊರತು ಅವರಲ್ಲೊಬ್ಬಳಾಗಿರಲಿಲ್ಲ. ನಕ್ಕರೆ ನಗುತ್ತಿದ್ದಳು, ಕಡಲೆಕಾಯಿ ಕೊಟ್ಟರೆ ತೆಗೆದುಕೊಳ್ಳುತ್ತಿದ್ದಳು. ಅಂದು ಮಿನತಿ ಯಾರದೋ ಸೊಸೆಯ ಮಾತಾಡುತ್ತಿದ್ದವಳು ಇವಳ ಕಡೆ ತಿರುಗಿ, ತಲೆ ನೋಡಿ, ಅರ್ಧಕ್ಕೇ ಬಾಯಿ ಮುಚ್ಚಿದಳು. ಒಬ್ಬೊಬ್ಬರಾಗಿ ಎಲ್ಲರೂ ನೋಡಿದರು.

"ಏಳೇ, ಜಾಗ ಬಿಡು" ಎಂದು ಮಿನತಿ ಕಿಟಕಿಯ ಬಳಿಯವಳನ್ನು ಎಬ್ಬಿಸಿದಳು. "ಕೂತ್ಕೊಳ್ಳಿ ದಿದಿ. ಇಲ್ಲಿ ಕೂತ್ಕೊಳ್ಳಿ."

ಬೀಥಿಕಾ ಕುಳಿತಳು. ಕೆಲಸದಲ್ಲಿ ಇದೊಂದು ಹೊಸ ನಿಯಮ, ಬೇರೇನಿಲ್ಲ ಎಂದು ಹೇಳಬೇಕೆಂದು ಬಾಯಿ ತೆರೆದಳು.

ಮಿನತಿ ಅವಳ ಕೈ ಹಿಡಿದಳು. ಅಷ್ಟು ಜೋರಿನ ಗಂಟಲು ಈಗ ಪಿಸುಮಾತಾಗಿತ್ತು. "ಯಾವಾಗ ಆಯ್ತು ದಿದಿ?"

"ಹನ್ನೊಂದು ವರ್ಷ ಆಯ್ತು" ಎಂದಳು ಬೀಥಿಕಾ.

ಹೇಳಿದ ಮೇಲೆ ಅವಳಿಗೇ ಅದು ಕೇಳಿಸಿತು. ರೈಲು ದಮ್‌ದಮ್ ದಾಟುತ್ತಿತ್ತು. ಅಳು ಎಲ್ಲಿತ್ತೋ, ಭುಜ ಕುಲುಕಿಸಿ ಹೊರಬಿತ್ತು. ಮಿನತಿಗೆ ಏನರ್ಥವಾಯಿತೋ ಏನಿಲ್ಲವೋ, ಮರುಪ್ರಶ್ನೆ ಕೇಳಲಿಲ್ಲ. ಅವಳ ತಲೆಯನ್ನು ತನ್ನ ಭುಜಕ್ಕೆ ಒತ್ತಿಕೊಂಡು, "ಅತ್ತುಬಿಡಿ, ಅತ್ತುಬಿಡಿ" ಎನ್ನುತ್ತಾ ಬೆನ್ನು ಸವರಿದಳು. ಯಾರೋ ನೀರಿನ ಸೀಸೆ ಮುಂದೆ ಹಿಡಿದರು. ಬ್ಯಾರಕ್‌ಪುರದಲ್ಲಿ ಇಳಿಯಬೇಕಾದವಳೊಬ್ಬಳು ಇಳಿಯದೆ ನೈಹಾಟಿಯವರೆಗೂ ಬಂದು ಅವಳ ಚೀಲ ಹಿಡಿದುಕೊಂಡು ಇಳಿಸಿಕೊಟ್ಟಳು. ಗಂಡ ಕಾಣೆಯಾದ ವರ್ಷ ಮನೆಗೆ ಬಂದವರೆಲ್ಲ ಧೈರ್ಯ ಹೇಳಿದ್ದರು, ಬರುತ್ತಾನೆ ಎಂದಿದ್ದರು. ಅಳು ಎಂದು ಯಾರೂ ಹೇಳಿರಲಿಲ್ಲ.

ಆ ವಾರದಲ್ಲೇ ರೇಹೆನಾಳ ಒತ್ತಾಯಕ್ಕೆ ಅವಳು ರಕ್ತ ಪರೀಕ್ಷೆ ಮಾಡಿಸಿದಳು. ಸೀಸ ಸ್ವಲ್ಪ ಹೆಚ್ಚಿದೆ, ಔಷಧ ಬೇಡ, ಮೂಲ ನಿಂತರೆ ತಾನಾಗಿ ಇಳಿಯುತ್ತದೆ ಎಂದ ಎಳೆ ವಯಸ್ಸಿನ ವೈದ್ಯ, ಕಾಗದದಿಂದ ಕಣ್ಣೆತ್ತದೆ ಕೇಳಿದ: "ಮನೇಲಿ ಬೇರೆ ಯಾರ್ಯಾರು ಇದಾರೆ? ಅವರಿಗೂ ಒಂದ್ಸಲ ಮಾಡಿಸಿ."

"ಯಾರೂ ಇಲ್ಲ."

"ಒಳ್ಳೇದಾಯ್ತು" ಎಂದ ಅವನು, ಬರೆಯುತ್ತಾ.

ಭಾನುವಾರ ಅವಳು ತಿದ್ದಿದ ವರದಿ ಹಿಡಿದು ಬನಗಾಂವಿಗೆ ಹೋದಳು. ಅಂಚೆಯಲ್ಲಿ ಹೋಗುವುದು ಹೋಗಿತ್ತು, ಆದರೂ ಹೊರಟಳು. ಸಂಘದ ಶೆಡ್ಡು ಒಂದು ಕೊಳದ ದಂಡೆಯಲ್ಲಿತ್ತು. ಹುರಿಯುವ ಬಾಣಲೆಗಳನ್ನು ಬೋರಲು ಹಾಕಿದ್ದರು. ಅಲಕಾ ಬಿಶ್ವಾಸ್ ಬಿಸಿಲಲ್ಲಿ ಕುಳಿತು ರುಬ್ಬಿದ ಬೇಳೆಯ ಸಂಡಿಗೆ ಇಡುತ್ತಿದ್ದಳು. ಇವಳನ್ನು ನೋಡಿ ಏಳಲಿಲ್ಲ.

ಬೀಥಿಕಾ ನಿಂತೇ ಎಲ್ಲವನ್ನೂ ಹೇಳಿದಳು. ಪುಡಿಯಲ್ಲಿ ತಪ್ಪಿರಲಿಲ್ಲ, ತನ್ನ ಸಿಂಧೂರ ಬಿದ್ದು ಕೆಟ್ಟಿತು, ಸಹಿ ತನ್ನದು, ತಪ್ಪೂ ತನ್ನದು. ಜಿಲ್ಲೆಗೆ ಬರೆದಿದ್ದೇನೆ.

ಅಲಕಾಳ ಕೈ ನಿಂತಿತು. "ಅಂದ್ರೆ ಸೀಸ ನಮ್ಮ ಪುಡೀಲಿರಲಿಲ್ಲ. ನಿಮ್ಮ ತಲೇಲಿತ್ತು."

"ಹೌದು."

ಅಲಕಾ ನಗತೊಡಗಿದಳು. ಒಳ್ಳೆಯ ನಗುವಲ್ಲ ಅದು. "ಹದಿನಾಲ್ಕು ಜನರಲ್ಲಿ ಒಂಬತ್ತು ಜನ ಗಂಡ ಸತ್ತೋರು ದಿದಿಮಣಿ ನಾವು. ಸಿಂಧೂರ ಹೋದ ದಿನ ಒಂದ್ಸಲ ಹಾಳಾದ್ವಿ. ಈಗ ಬೇರೆಯವಳ ಸಿಂಧೂರದಿಂದ ಎರಡನೇ ಸಲ." ನಗು ತಾನಾಗಿ ಆರಿತು. ಆಗಷ್ಟೇ ಅವಳು ಬೀಥಿಕಾಳ ತಲೆಯನ್ನು ಸರಿಯಾಗಿ ನೋಡಿದಳು. "ಮತ್ತೆ ಈಗ ಯಾಕಿಲ್ಲ? ಅವರು...?"

"ಗೊತ್ತಿಲ್ಲ. ಹನ್ನೊಂದು ವರ್ಷದಿಂದ ಗೊತ್ತಿಲ್ಲ."

ಅಲಕಾ ಹಿಟ್ಟಾದ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ ಒಳಗೆ ಕೂಗಿ ಮಂಡಕ್ಕಿ, ಚಹಾ ತರಿಸಿದಳು. ಕ್ಷಮಿಸಿದೆ ಎಂದೇನೂ ಹೇಳಲಿಲ್ಲ. "ಕೆಲಸ ವಾಪಸ್ ಕೊಡ್ತಾರಾ?" ಎಂದು ಎರಡು ಸಲ ಕೇಳಿದಳು. ಗೊತ್ತಿಲ್ಲ, ನನ್ನ ಕೈಲಾದದ್ದು ಮಾಡುತ್ತೇನೆ ಎಂದು ಬೀಥಿಕಾ ಎರಡು ಸಲವೂ ಹೇಳಿದಳು. ನಂತರ ಅವಳು ಜಿಲ್ಲಾ ಕಚೇರಿಗೆ ನಾಲ್ಕು ಬಾರಿ ಅಲೆದಳು. ಆ ವರ್ಷದ ಪೂರೈಕೆ ಆಗಲೇ ಬೇರೆಯವರಿಗೆ ಹೋಗಿತ್ತು. ಚೈತ್ರದಿಂದ ಸಂಘಕ್ಕೆ ಅರ್ಧ ಪಾಲು ಸಿಕ್ಕಿತು, ಅರ್ಧವೇ.

ಅಂದು ಹೊರಡುವಾಗ ಅಲಕಾ ಒಂದು ಪೊಟ್ಟಣ ತಂದು ಅವಳ ಚೀಲಕ್ಕೆ ತುರುಕಿದಳು. "ಅಳೆಯೋಕಲ್ಲ. ಮನೇಲಿ ಬೇಯಿಸ್ಕೊಂಡು ತಿನ್ನಿ. ಹಾಲು ಕುದಿದ ಮೇಲೆ ಹಾಕಿ, ಕೈ ಬಿಡದೆ ತಿರುವ್ತಾ ಇರಬೇಕು, ಇಲ್ಲಾಂದ್ರೆ ಗಂಟಾಗುತ್ತೆ."

ಮರುದಿನ ಬೆಳಿಗ್ಗೆ ಸ್ನಾನ ಮುಗಿಸಿ, ಕನ್ನಡಿಯ ಮುಂದೆ ತಲೆ ಬಾಚಿಕೊಂಡು, ಬೀಥಿಕಾ ಹಾಲು ಕಾಯಿಸಿದಳು. ಎಷ್ಟು ಹಾಕಬೇಕೆಂದು ತಿಳಿಯದೆ ಎರಡು ಮುಷ್ಟಿ ಹಾಕಿದಳು, ಖರ್ಜೂರದ ಬೆಲ್ಲ ಕೆದಕಿ ಸೇರಿಸಿದಳು, ಕೈ ಬಿಡದೆ ತಿರುವಿದಳು. ಅದು ಉಬ್ಬಿ ಉಬ್ಬಿ ಪಾತ್ರೆ ತುಂಬಿತು. ಒಲೆಯ ಬಳಿ ನಿಂತೇ ಒಂದು ಬಟ್ಟಲು ತಿಂದಳು. ಹುರಿದ ಕಡಲೆಕಾಯಿಯ ಪರಿಮಳ, ತುಸು ಬೆಲ್ಲದ ಹೊಗೆ. ಚೆನ್ನಾಗಿತ್ತು. ಇನ್ನೊಂದು ಬಟ್ಟಲು ತಿಂದಳು. ಆದರೂ ನಾಲ್ಕು ಮಂದಿಗೆ ಆಗುವಷ್ಟು ಉಳಿಯಿತು. ಅದರ ಮೇಲೊಂದು ತಟ್ಟೆ ಮುಚ್ಚಿ, ದೀಪ ಆರಿಸಿ, ಎಂಟು ಹತ್ತರ ರೈಲಿಗೆ ನಡೆದಳು.